ಕಂಪೈಲ್ ಆದ ಡೀಮನ್, ಬದಲಾಗದ ಮಾರ್ಗ

ಪ್ರಶ್ನೆ: ಮೂಡಿಗೆರೆಯ ಸುತ್ತಮುತ್ತಲಿನ ಹಳ್ಳಿಗಳಿಗೂ ಎಸ್ಟೇಟುಗಳಿಗೂ ಇಂಟರ್ನೆಟ್ ಒದಗಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮಗೆ ಬೇಲೂರಿನ ಕಡೆಯಿಂದ ಒಂದು, ಚಿಕ್ಕಮಗಳೂರಿನ ಕಡೆಯಿಂದ ಒಂದು, ಹೀಗೆ ಎರಡು ಫೈಬರ್ ಸಂಪರ್ಕಗಳಿವೆ. ಲಿನಕ್ಸ್‌ಗೆಂದು ಬರೆದ, ಮುಕ್ತ ಪರವಾನಗಿಯ ಚಿಕ್ಕದೊಂದು ಓಎಸ್‌ಪಿಎಫ್ ಡೀಮನ್ ಅನ್ನು, ಅಂದರೆ ರೌಟರ್‌ಗಳು ಪರಸ್ಪರ ದಾರಿಗಳನ್ನು ತಿಳಿಸಿಕೊಳ್ಳುವ ಓಎಸ್‌ಪಿಎಫ್ ಎಂಬ ನಿಯಮದಂತೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮನ್ನು, ಬಹಳ ವರ್ಷಗಳಿಂದ ನಮ್ಮದೇ ತಿದ್ದುಪಡಿಗಳೊಂದಿಗೆ ಬಳಸುತ್ತಿದ್ದೇವೆ. ಈಗ ಅದನ್ನು ಫ್ರೀಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಗೆ ಒಯ್ದಿದ್ದೇನೆ. ಕಂಪೈಲ್ ಆಗದ ಕಡೆಯಲ್ಲೆಲ್ಲ, ಒಂದೊಂದು ವ್ಯವಸ್ಥೆಗೆ ಬೇರೆ ಸಾಲುಗಳನ್ನು ಆಯ್ದುಕೊಳ್ಳುವ ಇಫ್‌ಡೆಫ್ ಹಾಕಿದೆ. ನಲವತ್ತಕ್ಕೂ ಹೆಚ್ಚು ಆದವು. ನೆರೆಯ ರೌಟರ್‌ಗಳು ಕಾಣುತ್ತವೆ, ಮಾರ್ಗಗಳೂ ಬರುತ್ತವೆ. ಆದರೆ ಕಳೆದ ತಿಂಗಳು ಹೂಮಳೆಯ ಗಾಳಿಗೆ ಸಿಲ್ವರ್ ಓಕ್ ಮರ ಬಿದ್ದು ಬೇಲೂರು ಕಡೆಯ ಫೈಬರ್ ತುಂಡಾದಾಗ, ಫ್ರೀಬಿಎಸ್‌ಡಿ 12 ಇರುವ ಹಳೆಯ ಯಂತ್ರದ ಹಿಂದಿನ ಗ್ರಾಹಕರೆಲ್ಲರಿಗೂ ಸಂಪರ್ಕ ಹೋಯಿತು; 14 ಇರುವ ಹೊಸ ಯಂತ್ರದ ಹಿಂದೆ ಕೆಲವು ತಾಣಗಳು ತೆರೆದುಕೊಂಡವು, ಕೆಲವು ತೆರೆಯಲಿಲ್ಲ. ಡೀಮನ್ ಅನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಎರಡೂ ಕಡೆ ಸರಿಯಾಗುತ್ತದೆ. ಮಾರ್ಗ ಸೇರಿಸುವ ಫಂಕ್ಷನ್ ಅನ್ನು ಇದರೊಂದಿಗೆ ಕಳುಹಿಸಿದ್ದೇನೆ. ದೋಷ ಎಲ್ಲಿದೆ? ಮಳೆಗಾಲದೊಳಗೆ ಇದನ್ನು ನಂಬಬಹುದಾದ ಸ್ಥಿತಿಗೆ ತರಬಹುದೇ?

ಉತ್ತರ: ದೋಷ ನೀವು ಕಳುಹಿಸಿದ ಫಂಕ್ಷನ್‌ನಲ್ಲಿಯೇ ಇದೆ, ಮತ್ತು ಎರಡು ಯಂತ್ರಗಳು ಎರಡು ಬಗೆಯಲ್ಲಿ ನಡೆದುಕೊಂಡದ್ದೇ ಅದಕ್ಕೆ ಸಾಕ್ಷಿ. ಅದನ್ನು ವಿವರಿಸುವ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ನಿಮ್ಮ ನಲವತ್ತು ಇಫ್‌ಡೆಫ್‌ಗಳ ಮೂಲ ಅಲ್ಲಿದೆ.

ರೌಟಿಂಗ್ ಡೀಮನ್ ಎರಡು ಕಡೆ ಮಾತನಾಡುತ್ತದೆ. ಒಂದು ಕಡೆ ನೆರೆಯ ರೌಟರ್‌ಗಳೊಂದಿಗೆ, ಇನ್ನೊಂದು ಕಡೆ ತಾನು ಕುಳಿತಿರುವ ಯಂತ್ರದ ಕರ್ನಲ್‌ನೊಂದಿಗೆ, ಅಂದರೆ ಪ್ಯಾಕೆಟ್‌ಗಳನ್ನು ನಿಜವಾಗಿ ಸಾಗಿಸುವ, ಕಾರ್ಯಾಚರಣ ವ್ಯವಸ್ಥೆಯ ತಿರುಳಿನೊಂದಿಗೆ. ಮೊದಲನೆಯ ಮಾತುಕತೆಗೆ ಲಿಖಿತ ನಿಯಮವಿದೆ. ಓಎಸ್‌ಪಿಎಫ್‌ನ ಎರಡನೆಯ ಆವೃತ್ತಿಯನ್ನು 1998ರ ಆರ್‌ಎಫ್‌ಸಿ 2328 ಎಂಬ ಇಂಟರ್ನೆಟ್ ಮಾನಕದ ದಾಖಲೆ ಪ್ಯಾಕೆಟ್‌ನ ಒಂದೊಂದು ಬೈಟ್‌ವರೆಗೆ ಹೇಳಿಬಿಟ್ಟಿದೆ. ಆದ್ದರಿಂದ ನೆರೆಯವರನ್ನು ಗುರುತಿಸುವುದು, ಲಿಂಕ್ ಸ್ಥಿತಿಯ ಮಾಹಿತಿಯನ್ನು ಹಂಚುವುದು, ಅತಿ ಹತ್ತಿರದ ದಾರಿಯನ್ನು ಲೆಕ್ಕ ಹಾಕುವುದು ಇವೆಲ್ಲ ಯಾವ ಕಾರ್ಯಾಚರಣ ವ್ಯವಸ್ಥೆಗೆ ಹೋದರೂ ಹೆಚ್ಚು ಬದಲಾವಣೆಯಿಲ್ಲದೆ ನಡೆಯುತ್ತವೆ, ನಿಮ್ಮಲ್ಲಿಯೂ ನಡೆದಿವೆ. ಎರಡನೆಯ ಮಾತುಕತೆಗೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಫ್ರೀಬಿಎಸ್‌ಡಿ ಸೇರಿದ ಬಿಎಸ್‌ಡಿ ಪರಂಪರೆಯಲ್ಲಿ ಅದು ರೌಟಿಂಗ್ ಸಾಕೆಟ್ ಎಂಬ ಸಂದೇಶದ ದ್ವಾರದ ಮೂಲಕ ನಡೆಯುತ್ತದೆ, 1990ರ 4.3 ಬಿಎಸ್‌ಡಿ ರೀನೋದಿಂದ ಬಂದದ್ದು ಅದು. ಲಿನಕ್ಸ್‌ನಲ್ಲಿ ನೆಟ್‌ಲಿಂಕ್ ಮೂಲಕ ನಡೆಯುತ್ತದೆ. ಅದರ ವಿವರಣೆ 2003ರ ಆರ್‌ಎಫ್‌ಸಿ 3549ರಲ್ಲಿದೆ. ಎರಡೂ ಸಾಕೆಟ್‌ಗಳೇ, ಎರಡರಲ್ಲಿಯೂ 'ಸೇರಿಸು', 'ಅಳಿಸು' ಎಂಬ ಸಂದೇಶಗಳಿವೆ. ಹೆಸರುಗಳೂ ಬಹುಮಟ್ಟಿಗೆ ಹೋಲುತ್ತವೆ. ಆ ಹೋಲಿಕೆಯೇ ಅಪಾಯಕಾರಿ. ಒಂದರ ಹೆಸರಿನ ಜಾಗದಲ್ಲಿ ಇನ್ನೊಂದರ ಹೆಸರನ್ನು ಇಟ್ಟರೆ ಕಂಪೈಲರ್ ಒಪ್ಪುತ್ತದೆ, ಅರ್ಥ ಮಾತ್ರ ಬೇರೆಯಾಗಿರುತ್ತದೆ.

ನಿಮ್ಮ ಲಿನಕ್ಸ್ ಕೋಡ್ ಹೊಸ ಮಾರ್ಗವನ್ನು ಕಳುಹಿಸುವಾಗ ನೆಟ್‌ಲಿಂಕ್ ಸಂದೇಶದಲ್ಲಿ 'ರಿಪ್ಲೇಸ್' ಎಂಬ ಗುರುತನ್ನು ಹಾಕುತ್ತದೆ. ಅದೇ ಪ್ರಿಫಿಕ್ಸ್‌ಗೆ, ಅಂದರೆ ಅದೇ ಗುರಿ ವಿಳಾಸಗಳ ಗುಂಪಿಗೆ, ಹಳೆಯ ಮಾರ್ಗವಿದ್ದರೆ ಅದನ್ನು ತೆಗೆದು ಇದನ್ನು ಕೂರಿಸು ಎಂಬುದು ಅದರ ಅರ್ಥ. ಫ್ರೀಬಿಎಸ್‌ಡಿಯ ಭಾಗದಲ್ಲಿ ನೀವು ಆ ಗುರುತನ್ನು ಕೈಬಿಟ್ಟು, ಬರೀ ಆರ್‌ಟಿಎಂ ಆಡ್ ಸಂದೇಶವನ್ನು ಬರೆದಿದ್ದೀರಿ. ರೌಟಿಂಗ್ ಸಾಕೆಟ್‌ನಲ್ಲಿ ಆಡ್ ಎಂದರೆ ಸೇರಿಸುವುದು ಮಾತ್ರ, ಬದಲಿಸುವುದು ಅದರ ಕೆಲಸವಲ್ಲ. ಫ್ರೀಬಿಎಸ್‌ಡಿ 12ರಲ್ಲಿ, ಸಾಮಾನ್ಯ ಕರ್ನಲ್‌ನಲ್ಲಿ, ಒಂದು ಪ್ರಿಫಿಕ್ಸ್‌ಗೆ ಒಂದೇ ಮಾರ್ಗ. ಬೇಲೂರಿನ ಗೇಟ್‌ವೇ (ಪ್ಯಾಕೆಟ್ ಮುಂದೆ ಹೋಗಬೇಕಾದ ರೌಟರ್) ಇರುವ ಮಾರ್ಗ ಕರ್ನಲ್‌ನ ಟೇಬಲ್‌ನಲ್ಲಿ ಇದ್ದೇ ಇರುವಾಗ ಚಿಕ್ಕಮಗಳೂರಿನ ಗೇಟ್‌ವೇ ಹಾಕಿ ಆಡ್ ಕಳುಹಿಸಿದರೆ ಕರ್ನಲ್ 'ಈಗಾಗಲೇ ಇದೆ' ಎಂಬ ದೋಷಸಂಖ್ಯೆಯನ್ನು ಹಿಂದಿರುಗಿಸುತ್ತದೆ, ಅಂದರೆ ಈಎಕ್ಸಿಸ್ಟ್. ನಿಮ್ಮ ಕೋಡ್ ಅದನ್ನು ನೋಡುವುದೇ ಇಲ್ಲ. ಲಿನಕ್ಸ್‌ನಲ್ಲಿ ಸಂದೇಶ ಕಳುಹಿಸಿದ ಕ್ಷಣದಲ್ಲಿ ಫಲಿತಾಂಶ ತಿಳಿಯುವುದಿಲ್ಲ, ಅದು ಆಮೇಲೆ ಬರುವ ಸ್ವೀಕೃತಿ ಸಂದೇಶದಲ್ಲಿರುತ್ತದೆ. ಆ ಸ್ವೀಕೃತಿಯನ್ನು ಕಾಯುವ ಫಂಕ್ಷನ್ ಅನ್ನು ಫ್ರೀಬಿಎಸ್‌ಡಿಯಲ್ಲಿ ನೀವು ಸುಮ್ಮನೆ ಸೊನ್ನೆ ಹಿಂದಿರುಗಿಸುವಂತೆ ಮಾಡಿದ್ದೀರಿ. ರೌಟಿಂಗ್ ಸಾಕೆಟ್‌ನಲ್ಲಿಯಾದರೋ ದೋಷ ರೈಟ್ ಕರೆಯಲ್ಲಿಯೇ ತಕ್ಷಣ ತಿಳಿಯುತ್ತದೆ. ಕರ್ನಲ್ ಹೇಳಿದ್ದನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಡೀಮನ್‌ನ ಲೆಕ್ಕದಲ್ಲಿ ಮಾರ್ಗ ಚಿಕ್ಕಮಗಳೂರಿಗೆ ತಿರುಗಿತ್ತು, ಕರ್ನಲ್‌ನಲ್ಲಿ ತುಂಡಾದ ಬೇಲೂರು ಫೈಬರ್‌ನ ಮೇಲೆಯೇ ಉಳಿದಿತ್ತು.

ಇನ್ನು ಫ್ರೀಬಿಎಸ್‌ಡಿ 14ರ ಯಂತ್ರ. ಫ್ರೀಬಿಎಸ್‌ಡಿ 13.0ರಿಂದ ಬಹುಮಾರ್ಗದ ಸೌಲಭ್ಯ ಸಾಮಾನ್ಯ ಕರ್ನಲ್‌ನಲ್ಲಿಯೇ ಚಾಲ್ತಿಯಲ್ಲಿದೆ. ನೆಟ್ ಡಾಟ್ ರೌಟ್ ಡಾಟ್ ಮಲ್ಟಿಪಾತ್ ಎಂಬ ಸಿಸ್‌ಸಿಟಿಎಲ್, ಅಂದರೆ ಕರ್ನಲ್‌ನ ಒಂದು ಹೊಂದಾಣಿಕೆ, ಅದನ್ನು ನಿಯಂತ್ರಿಸುತ್ತದೆ. ಅಲ್ಲಿ ಅದೇ ಪ್ರಿಫಿಕ್ಸ್‌ಗೆ ಬೇರೆ ಗೇಟ್‌ವೇ ಹಾಕಿ ಆಡ್ ಕಳುಹಿಸಿದರೆ ಕರ್ನಲ್ ತಿರಸ್ಕರಿಸದೆ, ಎರಡನ್ನೂ ಇಟ್ಟುಕೊಂಡು ಸಂಪರ್ಕಗಳನ್ನು ಎರಡು ಗೇಟ್‌ವೇಗಳ ನಡುವೆ ಹಂಚುತ್ತದೆ. ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಒಂದೇ ದಾರಿಯಲ್ಲಿ ಹೋಗುವಂತೆ ಹ್ಯಾಷ್ ಲೆಕ್ಕದಿಂದ ಹಂಚುವುದರಿಂದ, ಬೇಲೂರಿನ ಪಾಲಿಗೆ ಬಿದ್ದ ಸಂಪರ್ಕಗಳು ಪೂರ್ತಿ ಸತ್ತವು, ಚಿಕ್ಕಮಗಳೂರಿನ ಪಾಲಿಗೆ ಬಿದ್ದವು ಚೆನ್ನಾಗಿಯೇ ನಡೆದವು. 'ಕೆಲವು ತಾಣಗಳು ತೆರೆದವು, ಕೆಲವು ಇಲ್ಲ' ಎಂದು ನೀವು ಬರೆದದ್ದು ಇದನ್ನೇ. ಡೀಮನ್ ನಿಲ್ಲುವಾಗ ತಾನು ಹಾಕಿದ ಮಾರ್ಗಗಳನ್ನೆಲ್ಲ ಅಳಿಸಿ ಹೋಗುವುದರಿಂದ, ಮರುಪ್ರಾರಂಭವಾದಾಗ ಟೇಬಲ್ ಖಾಲಿ ಇರುತ್ತದೆ ಮತ್ತು ಆಡ್ ಯಶಸ್ವಿಯಾಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಒಂದು ಕಿಟಕಿಯಲ್ಲಿ 'ರೌಟ್ -ಎನ್ ಮಾನಿಟರ್' ಆದೇಶವನ್ನು ಓಡಿಸಿಟ್ಟು, ಇನ್ನೊಂದರಲ್ಲಿ ಬೇಲೂರಿನ ನೆರೆಯವನನ್ನು ಕೈಯಾರೆ ಕಡಿತಗೊಳಿಸಿ. ಆಡ್ ಸಂದೇಶ ಮಾತ್ರ ಕಂಡು ಡಿಲೀಟ್ ಸಂದೇಶ ಕಾಣದಿದ್ದರೆ ನನ್ನ ಮಾತು ನಿಜ. ಪರಿಹಾರವಾಗಿ, ಮಾರ್ಗ ಬದಲಾದಾಗ ಮೊದಲು ಹಳೆಯ ಗೇಟ್‌ವೇ ವಿಳಾಸವನ್ನೂ ಸೇರಿಸಿ ಡಿಲೀಟ್ ಕಳುಹಿಸಿ, ಬಳಿಕ ಹೊಸದನ್ನು ಆಡ್ ಮಾಡಿ, ಎರಡರ ಫಲಿತಾಂಶವನ್ನೂ ಪರೀಕ್ಷಿಸಿ. ಗೇಟ್‌ವೇ ಸೇರಿಸಲೇಬೇಕು, ಬಹುಮಾರ್ಗದ ಕರ್ನಲ್‌ನಲ್ಲಿ ಯಾವುದನ್ನು ತೆಗೆಯಬೇಕೆಂದು ಅದರಿಂದಲೇ ತಿಳಿಯುವುದು. ಎರಡರ ನಡುವೆ ಕ್ಷಣಕಾಲ ಮಾರ್ಗವಿಲ್ಲದ ಅಂತರ ಉಳಿಯುತ್ತದೆ. 14ರಲ್ಲಿ ಮೊದಲು ಸೇರಿಸಿ ಆಮೇಲೆ ಅಳಿಸಿದರೆ ಆ ಅಂತರ ಇರುವುದಿಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಅದು ಒಂದು ಸಿಸ್‌ಸಿಟಿಎಲ್‌ನ ಬೆಲೆಯನ್ನು ನಂಬಿ ಕೂರುವ ವಿನ್ಯಾಸ; ಎರಡೂ ಆವೃತ್ತಿಗಳಲ್ಲಿ ಒಂದೇ ಬಗೆಯಲ್ಲಿ ನಡೆಯುವ ಕೋಡ್ ನಿಮ್ಮಂಥ ಸಣ್ಣ ತಂಡಕ್ಕೆ ಹೆಚ್ಚು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಇದೊಂದನ್ನು ಸರಿಪಡಿಸಿದರೆ ಸಾಲದು. ನಿಮ್ಮ ಡೀಮನ್ ಇಂಟರ್‌ಫೇಸ್ (ಯಂತ್ರದ ನೆಟ್‌ವರ್ಕ್ ಪೋರ್ಟ್) ಬಿದ್ದಿದೆಯೇ ಎಂಬುದನ್ನು ರನ್ನಿಂಗ್ ಎಂಬ ಗುರುತಿನಿಂದ ತಿಳಿಯುತ್ತಿದೆಯಾದರೆ ಅಲ್ಲಿಯೂ ಇದೇ ಬಗೆಯ ದೋಷವಿದೆ. ಲಿನಕ್ಸ್‌ನಲ್ಲಿ ಕೇಬಲ್ ಕಿತ್ತರೆ ಆ ಗುರುತು ಹೋಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ಅದೇ ಹೆಸರಿನ ಗುರುತು ಹೇಳುವುದು ಡ್ರೈವರ್ ಸಿದ್ಧವಾಗಿದೆ ಎಂಬುದನ್ನು ಮಾತ್ರ. ಕೇಬಲ್ ಕಿತ್ತರೂ ಅದು ಹಾಗೆಯೇ ಉಳಿಯುತ್ತದೆ. ಲಿಂಕ್‌ನ ನಿಜವಾದ ಸ್ಥಿತಿ ರೌಟಿಂಗ್ ಸಾಕೆಟ್‌ನಲ್ಲಿ ಬರುವ ಇಫ್‌ಇನ್ಫೋ ಸಂದೇಶದೊಳಗೆ, ಲಿಂಕ್ ಸ್ಟೇಟ್ ಎಂಬ ಪ್ರತ್ಯೇಕ ಕ್ಷೇತ್ರದಲ್ಲಿ ಇರುತ್ತದೆ. ಅದಕ್ಕೆ ಮೂರು ಬೆಲೆಗಳಿವೆ: ತಿಳಿಯದು, ಕೆಳಗೆ, ಮೇಲೆ. 'ತಿಳಿಯದು' ಎಂಬುದನ್ನು ಮೇಲಿದೆ ಎಂದೇ ಭಾವಿಸಬೇಕು, ಏಕೆಂದರೆ ಲಿಂಕ್ ಸ್ಥಿತಿಯನ್ನು ವರದಿ ಮಾಡದ ಇಂಟರ್‌ಫೇಸ್‌ಗಳೂ ಇವೆ. ನಿಮ್ಮ ಫೈಬರ್ ಮೀಡಿಯಾ ಕನ್ವರ್ಟರ್ ಮೂಲಕ ತಾಮ್ರದ ಪೋರ್ಟ್‌ಗೆ ಬರುತ್ತಿದ್ದರೆ, ಮರ ಬಿದ್ದು ಫೈಬರ್ ತುಂಡಾದರೂ ನಿಮ್ಮ ಯಂತ್ರದ ಪೋರ್ಟ್ ದೀಪ ಉರಿಯುತ್ತಲೇ ಇರಬಹುದು. ಆಗ ಓಎಸ್‌ಪಿಎಫ್‌ನ ನೆರೆಯವರು ಆಗಾಗ ಕಳುಹಿಸುವ ಹಲೋ ಸಂದೇಶ ನಿಂತದ್ದರಿಂದಲೇ ವಿಷಯ ತಿಳಿಯಬೇಕು. ಹತ್ತು ಸೆಕೆಂಡಿಗೊಂದು ಹಲೋ, ನಲವತ್ತು ಸೆಕೆಂಡು ಕಾಯುವ ಸಾಮಾನ್ಯ ಹೊಂದಾಣಿಕೆಯಲ್ಲಿ ಅದು ಮುಕ್ಕಾಲು ನಿಮಿಷಕ್ಕೆ ಹತ್ತಿರವಾಗುತ್ತದೆ. ಆ ಕಾಲವನ್ನು ಎರಡೂ ತುದಿಗಳಲ್ಲಿ ಒಟ್ಟಿಗೆ ಇಳಿಸಬೇಕು, ಇಲ್ಲವಾದರೆ ನೆರೆತನವೇ ಏರ್ಪಡುವುದಿಲ್ಲ.

ರೌಟಿಂಗ್ ಸಾಕೆಟ್‌ನ ಸಂದೇಶವನ್ನು ಓದುವ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಸಂದೇಶದ ತಲೆಭಾಗದ ನಂತರ ವಿಳಾಸಗಳು ಒಂದರ ಹಿಂದೆ ಒಂದು ಬರುತ್ತವೆ: ಗುರಿ, ಗೇಟ್‌ವೇ, ನೆಟ್‌ಮಾಸ್ಕ್ (ಗುರಿ ವಿಳಾಸದ ಎಷ್ಟು ಭಾಗವನ್ನು ಹೋಲಿಸಬೇಕು ಎಂಬುದು), ಬಳಿಕ ಇಂಟರ್‌ಫೇಸ್‌ಗೆ ಸಂಬಂಧಿಸಿದವು. ಯಾವುವು ಇವೆ, ಯಾವುವು ಇಲ್ಲ ಎಂಬುದನ್ನು ತಲೆಭಾಗದ ಬಿಟ್‌ಗಳು ಹೇಳುತ್ತವೆ. ಪ್ರತಿ ವಿಳಾಸಕ್ಕೂ ತನ್ನ ಉದ್ದವನ್ನು ಹೇಳುವ ಮೊದಲ ಬೈಟ್ ಇರುತ್ತದೆ. ಲಿನಕ್ಸ್‌ನ ವಿಳಾಸ ರಚನೆಯಲ್ಲಿ ಈ ಬೈಟ್ ಇಲ್ಲವೇ ಇಲ್ಲ. ಮುಂದಿನ ವಿಳಾಸ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಈ ಉದ್ದವನ್ನು ಮೇಲಕ್ಕೆ ಪೂರ್ಣಗೊಳಿಸಬೇಕು. ಫ್ರೀಬಿಎಸ್‌ಡಿಯಲ್ಲಿ ಅದು ಲಾಂಗ್‌ನ ಗಾತ್ರಕ್ಕೆ, ಅಂದರೆ 64 ಬಿಟ್ ಯಂತ್ರದಲ್ಲಿ 8 ಬೈಟ್‌ಗೆ. ಮ್ಯಾಕ್ ಓಎಸ್‌ನಲ್ಲಿ 4 ಬೈಟ್‌ಗೆ. ಉದ್ದ ಸೊನ್ನೆ ಇದ್ದರೂ ಆ ವಿಳಾಸ ಒಂದು ಪೂರ್ಣ ಘಟಕದಷ್ಟು ಜಾಗವನ್ನು ಹಿಡಿಯುತ್ತದೆ.

ಹಲವು ವರ್ಷಗಳ ಹಿಂದೆ ಹಾಸನದ ಒಂದು ಸಂಸ್ಥೆಗಾಗಿ ಸಣ್ಣದೊಂದು ಡೀಮನ್ ಅನ್ನು 64 ಬಿಟ್ ಫ್ರೀಬಿಎಸ್‌ಡಿಗೆ ಒಯ್ಯುವಾಗ, ಹಳೆಯ 32 ಬಿಟ್ ಕೋಡ್‌ನಲ್ಲಿದ್ದ 4 ಬೈಟ್‌ನ ಲೆಕ್ಕವನ್ನು ನಾನು ಹಾಗೆಯೇ ಬಿಟ್ಟಿದ್ದೆ. ಪರೀಕ್ಷೆಗಳೆಲ್ಲ ಪಾಸಾದವು. ಐಪಿವಿ4 ವಿಳಾಸಕ್ಕೆ 16 ಬೈಟ್, ಹೇಗೆ ಪೂರ್ಣಗೊಳಿಸಿದರೂ 16. ಆಗಿನ ಕರ್ನಲ್ ನೆಟ್‌ಮಾಸ್ಕ್‌ನ ಕೊನೆಯ ಸೊನ್ನೆಗಳನ್ನು ಕತ್ತರಿಸಿ ಕೊಡುತ್ತಿತ್ತು, 255.255.255.0 ಎಂಬುದರ ಉದ್ದ 7, ಪೂರ್ಣಗೊಳಿಸಿದರೆ ಎರಡು ಲೆಕ್ಕದಲ್ಲೂ 8. ಬೇರೆ ಮಾರ್ಗವಿಲ್ಲದ ವಿಳಾಸಗಳಿಗೆಲ್ಲ ಬಳಸುವ ಡೀಫಾಲ್ಟ್ ಮಾರ್ಗದ ನೆಟ್‌ಮಾಸ್ಕ್ ಒಂದಕ್ಕೆ ಮಾತ್ರ ಉದ್ದ ಸೊನ್ನೆ. ಅಲ್ಲಿ ನನ್ನ ಕೋಡ್ 4 ಬೈಟ್ ದಾಟಿತು, ಕರ್ನಲ್ 8 ಬೈಟ್ ಬಿಟ್ಟಿತ್ತು. ಹೀಗೆ ನೂರಾರು ಮಾರ್ಗಗಳಲ್ಲಿ ಡೀಫಾಲ್ಟ್ ಮಾರ್ಗವೊಂದರ ಇಂಟರ್‌ಫೇಸ್ ಮಾತ್ರ ತಪ್ಪಾಗಿ ಓದಲ್ಪಟ್ಟು, ಡೀಮನ್ ಅದನ್ನು ಅಮಾನ್ಯವೆಂದು ಬದಿಗಿಟ್ಟಿತು, ಇಡೀ ಕಟ್ಟಡಕ್ಕೆ ಹೊರಗಿನ ಸಂಪರ್ಕ ಹೋಯಿತು. ತಪ್ಪು ಎಲ್ಲ ಕಡೆಯೂ ಕಾಣಿಸಿಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕುತ್ತಿತ್ತು. ಒಂದೇ ಕಡೆ ಇದ್ದುದರಿಂದ ಹುಡುಕಲು ಒಂದು ರಾತ್ರಿ ಬೇಕಾಯಿತು. ನಿಮ್ಮ ಕೋಡ್‌ನಲ್ಲಿ ಈ ಲೆಕ್ಕ ಎಷ್ಟು ಕಡೆ ಇದೆಯೆಂದು ಇಂದೇ ಹುಡುಕಿ, ಒಂದೇ ಮ್ಯಾಕ್ರೋ ಮಾಡಿ, ಡೀಫಾಲ್ಟ್ ಮಾರ್ಗಕ್ಕೆ ಪ್ರತ್ಯೇಕ ಪರೀಕ್ಷೆ ಬರೆಯಿರಿ.

ಪ್ಯಾಕೆಟ್ ಕಳುಹಿಸುವ ಕಡೆಯಲ್ಲಿ ಎಚ್ಚರಿಕೆ ಬೇಕಾದ ಎರಡು ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಓಎಸ್‌ಪಿಎಫ್ 89ನೆಯ ಪ್ರೋಟೋಕಾಲ್ ಸಂಖ್ಯೆಯ ಮೇಲೆ, ಐಪಿ ಪ್ಯಾಕೆಟ್‌ಗಳನ್ನು ನೇರವಾಗಿ ಕಳುಹಿಸುವ ರಾ ಸಾಕೆಟ್‌ನಿಂದ ನಡೆಯುತ್ತದೆ. ಫ್ರೀಬಿಎಸ್‌ಡಿ 11.0ಕ್ಕೆ ಮೊದಲು ಐಪಿ ತಲೆಭಾಗದಲ್ಲಿರುವ ಪ್ಯಾಕೆಟ್‌ನ ಒಟ್ಟು ಉದ್ದವನ್ನೂ ಫ್ರಾಗ್ಮೆಂಟ್ ಆಫ್‌ಸೆಟ್ಟನ್ನೂ ಯಂತ್ರದ ಬೈಟ್ ಕ್ರಮದಲ್ಲಿ ಕೊಡಬೇಕಿತ್ತು, ಆಮೇಲೆ ನೆಟ್‌ವರ್ಕ್ ಕ್ರಮದಲ್ಲಿ. ನಿಮ್ಮ ಎರಡೂ ಯಂತ್ರಗಳ ಆವೃತ್ತಿಗಳು ಅದಕ್ಕಿಂತ ಹೊಸವಾದ್ದರಿಂದ ಹಳೆಯ ಬಿಎಸ್‌ಡಿ ಕೋಡ್‌ನಿಂದ ನಕಲು ಮಾಡಿದ ಸಾಲುಗಳಿದ್ದರೆ ತೆಗೆಯಿರಿ. ಇನ್ನೊಂದು, ಪ್ಯಾಕೆಟ್ ಯಾವ ಇಂಟರ್‌ಫೇಸ್‌ನಿಂದ ಬಂತು ಎಂಬುದನ್ನು ಲಿನಕ್ಸ್‌ನಲ್ಲಿ ಪಿಕೆಟಿಇನ್ಫೋ ಆಯ್ಕೆಯಿಂದ, ಫ್ರೀಬಿಎಸ್‌ಡಿಯಲ್ಲಿ ರಿಸೀವ್ ಇಫ್ ಆಯ್ಕೆಯಿಂದ ಪಡೆಯಬೇಕು. ಮೂಲ ವಿಳಾಸವನ್ನು ನೋಡಿ ಇಂಟರ್‌ಫೇಸ್ ಊಹಿಸುವ ಅಡ್ಡದಾರಿಯನ್ನು ಹಿಡಿಯಬೇಡಿ.

ಮಳೆಗಾಲದ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಸಂದೇಶಗಳು ಕಳೆದುಹೋಗುವ ವಿಷಯ. ಚಾರ್ಮಾಡಿ ಕಡೆಯ ಗಾಳಿಮಳೆಗೆ ಲಿಂಕ್ ನಿಮಿಷಕ್ಕೆ ಹತ್ತು ಸಲ ಬಿದ್ದು ಏಳುವಾಗ ಕರ್ನಲ್ ಸಂದೇಶಗಳನ್ನು ಸುರಿಯುತ್ತದೆ, ಡೀಮನ್ ಲೆಕ್ಕದಲ್ಲಿ ಮುಳುಗಿರುವಾಗ ಸಾಕೆಟ್‌ನ ಬಫರ್ ತುಂಬುತ್ತದೆ. ಲಿನಕ್ಸ್ ಆಗ ಇನೋಬಫ್ಸ್ ಎಂಬ ದೋಷವನ್ನು ಕೊಟ್ಟು ಕಳೆದುಹೋದದ್ದನ್ನು ತಿಳಿಸುತ್ತದೆ. ಬಿಎಸ್‌ಡಿ ಪರಂಪರೆಯದೇ ಆದ ಓಪನ್‌ಬಿಎಸ್‌ಡಿ ಡೀಸಿಂಕ್ ಎಂಬ ಸಂದೇಶವನ್ನೇ ಕಳುಹಿಸುತ್ತದೆ. ಸಾಂಪ್ರದಾಯಿಕ ರೌಟಿಂಗ್ ಸಾಕೆಟ್ ಏನೂ ಹೇಳದೆ ಸಂದೇಶವನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಫ್ರೀಬಿಎಸ್‌ಡಿಯಲ್ಲಿ ಸಂದೇಶಗಳನ್ನಷ್ಟೇ ನಂಬದೆ, ನಿಗದಿತ ಕಾಲಕ್ಕೊಮ್ಮೆ ಸಿಸ್‌ಸಿಟಿಎಲ್ ಮೂಲಕ ಇಡೀ ರೌಟಿಂಗ್ ಟೇಬಲ್ ಅನ್ನು ಓದಿ, ಡೀಮನ್‌ನ ಲೆಕ್ಕದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಸರಿಪಡಿಸುವ ಭಾಗ ಬೇಕೇ ಬೇಕು. ಇದು ಇದ್ದಿದ್ದರೆ ಕಳೆದ ತಿಂಗಳ ದೋಷ ಒಂದು ನಿಮಿಷದಲ್ಲಿ ತಾನಾಗಿ ವಾಸಿಯಾಗುತ್ತಿತ್ತು. ಹೋಲಿಸುವಾಗ ತನ್ನ ಮಾರ್ಗ ಯಾವುದು, ಕೈಯಾರೆ ಹಾಕಿದ್ದು ಯಾವುದು ಎಂಬ ಗುರುತೂ ಬೇಕು: ಲಿನಕ್ಸ್ ಪ್ರತಿ ಮಾರ್ಗಕ್ಕೂ ಹಾಕಿದವರ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ, ಬಿಎಸ್‌ಡಿಯಲ್ಲಿ ಪ್ರೋಟೋ1 ಎಂಬ ಗುರುತನ್ನು ಹಾಕಿಕೊಳ್ಳುವುದು ವಾಡಿಕೆ.

ಇನ್ನು ಆ ನಲವತ್ತು ಇಫ್‌ಡೆಫ್‌ಗಳು. ಈ ಕೆಲಸವನ್ನು ಚೆನ್ನಾಗಿ ಮಾಡಿದ ಯೋಜನೆಗಳೆಲ್ಲ ಕರ್ನಲ್‌ನೊಂದಿಗಿನ ಮಾತನ್ನು ಒಂದೇ ಕಡೆ ಕಟ್ಟಿಹಾಕಿವೆ. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಬರ್ಡ್ ಎಂಬ ರೌಟಿಂಗ್ ಡೀಮನ್‌ನಲ್ಲಿ ವ್ಯವಸ್ಥೆಗೆ ಸಂಬಂಧಿಸಿದ ಕೋಡ್ ಎಲ್ಲ ಸಿಸ್‌ಡೆಪ್ ಎಂಬ ಒಂದು ಡೈರೆಕ್ಟರಿಯಲ್ಲಿದೆ, ಅದರೊಳಗೆ ಲಿನಕ್ಸ್ ಮತ್ತು ಬಿಎಸ್‌ಡಿಗೆ ಬೇರೆಬೇರೆ ಭಾಗಗಳಿವೆ. ಕುನಿಹಿರೊ ಇಶಿಗುರೊ 1996ರಲ್ಲಿ ಆರಂಭಿಸಿದ ಝೀಬ್ರಾ, ಅದರಿಂದ ಕವಲೊಡೆದ ಕ್ವಾಗಾ, 2017ರಲ್ಲಿ ಹೊರಬಂದ ಎಫ್‌ಆರ್‌ರೌಟಿಂಗ್, ಈ ಪರಂಪರೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕರ್ನಲ್‌ನೊಂದಿಗೆ ಮಾತನಾಡಲು ಝೀಬ್ರಾ ಎಂಬ ಪ್ರತ್ಯೇಕ ಪ್ರಕ್ರಿಯೆಯನ್ನೇ ಇಟ್ಟಿದ್ದಾರೆ. ಓಎಸ್‌ಪಿಎಫ್ ಡೀಮನ್ ಅದಕ್ಕೆ ಹೇಳುತ್ತದೆ, ಅದು ಕರ್ನಲ್‌ಗೆ ಹೇಳುತ್ತದೆ. ಓಪನ್‌ಬಿಜಿಪಿಡಿ ಎಂಬ ಇನ್ನೊಂದು ರೌಟಿಂಗ್ ಡೀಮನ್ ಅನ್ನು ಓಪನ್‌ಬಿಎಸ್‌ಡಿಯಿಂದ ಇತರ ವ್ಯವಸ್ಥೆಗಳಿಗೆ ಒಯ್ದಾಗ ಮೊದಲಿಗೆ ಕರ್ನಲ್ ಟೇಬಲ್ ಬರೆಯುವ ಭಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಒಯ್ದರು. ಪ್ಯಾಕೆಟ್‌ಗಳನ್ನು ತಾನು ಸಾಗಿಸದ, ಮಾರ್ಗಗಳ ಮಾಹಿತಿಯನ್ನಷ್ಟೇ ಹಂಚುವ ರೌಟ್ ಸರ್ವರ್‌ಗಳಿಗೆ ಅಷ್ಟೇ ಸಾಕಾಗಿತ್ತು. ಗಡಿ ಎಲ್ಲಿ ಬೀಳುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ನೀವೂ ಹಾಗೆ ಮಾಡಿ. ಆರೇಳು ಫಂಕ್ಷನ್‌ಗಳ ಒಂದು ಪಟ್ಟಿ ಸಾಕು: ಮಾರ್ಗ ಸೇರಿಸು, ತೆಗೆ, ಬದಲಿಸು, ಟೇಬಲ್ ಓದು, ಇಂಟರ್‌ಫೇಸ್‌ಗಳನ್ನು ಓದು, ಬದಲಾವಣೆಗೆ ಕಿವಿಗೊಡು. ಲಿನಕ್ಸ್‌ಗೆ ಒಂದು ಫೈಲ್, ಫ್ರೀಬಿಎಸ್‌ಡಿಗೆ ಒಂದು ಫೈಲ್. ಉಳಿದ ಕೋಡ್‌ನಲ್ಲಿ ವ್ಯವಸ್ಥೆಯ ಹೆಸರು ಬರಲೇಬಾರದು. 'ಬದಲಿಸು' ಎಂಬುದು ಪ್ರತ್ಯೇಕ ಫಂಕ್ಷನ್ ಆಗಿರುವುದನ್ನು ಗಮನಿಸಿ. ಅದು ಇದ್ದಿದ್ದರೆ ಫ್ರೀಬಿಎಸ್‌ಡಿಯ ಫೈಲ್ ಬರೆಯುವಾಗಲೇ ಇಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ನಿಮ್ಮ ಎದುರು ಬಂದು ನಿಲ್ಲುತ್ತಿತ್ತು. ಗುರುತೊಂದರೊಳಗೆ ಅಡಗಿದ್ದರಿಂದ ಅದು ಕಣ್ಣು ತಪ್ಪಿತು.

ಫ್ರೀಬಿಎಸ್‌ಡಿ 13.2ರಿಂದ ಆ ಕರ್ನಲ್‌ನಲ್ಲಿಯೂ ನೆಟ್‌ಲಿಂಕ್ ಇದೆಯಲ್ಲ, ಲಿನಕ್ಸ್‌ನ ಫೈಲ್ ಅನ್ನೇ ಬಳಸಬಹುದಲ್ಲ ಎಂದು ನೀವು ಕೇಳಬಹುದು. 14ರ ಯಂತ್ರಕ್ಕೆ ಅದು ಸರಿಯಾದ ದಾರಿ, ಬರ್ಡ್ ಕೂಡ ಅದನ್ನು ಬಳಸಬಲ್ಲದು. ಆದರೆ ಲಿನಕ್ಸ್‌ನ ನೆಟ್‌ಲಿಂಕ್‌ನಲ್ಲಿ ಇರುವುದೆಲ್ಲ ಅಲ್ಲಿಲ್ಲ, ಮತ್ತು 12ರ ಯಂತ್ರಕ್ಕೆ ಅದು ಬರುವುದೇ ಇಲ್ಲ. ನಿಜ ಹೇಳಬೇಕೆಂದರೆ 12ರ ಸರಣಿಗೆ ಭದ್ರತಾ ತಿದ್ದುಪಡಿಗಳು ನಿಂತುಹೋಗಿವೆ. ಗ್ರಾಹಕರ ಸಂಚಾರ ಹೊರುವ ಯಂತ್ರದಲ್ಲಿ ಅದು ಇರಬಾರದು. ಮೊದಲು ಅದನ್ನು ಮೇಲಕ್ಕೆ ತನ್ನಿ, ಆಮೇಲೆ ಈ ಆಯ್ಕೆಯನ್ನು ಯೋಚಿಸಿ.

ಪರೀಕ್ಷೆಗೆ ಮೂರು ಯಂತ್ರ ಬೇಕಾಗಿಲ್ಲ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಫ್ರೀಬಿಎಸ್‌ಡಿ ಹಾಕಿ, ತಮ್ಮದೇ ನೆಟ್‌ವರ್ಕ್ ಇರುವ ವಿನೆಟ್ ಜೈಲುಗಳೆಂಬ ಪ್ರತ್ಯೇಕ ಕೋಣೆಗಳನ್ನು ಮಾಡಿ, ಇಪೇರ್ ಎಂಬ ಕಾಲ್ಪನಿಕ ಕೇಬಲ್‌ನಂಥ ಇಂಟರ್‌ಫೇಸ್‌ಗಳಿಂದ ಜೋಡಿಸಿದರೆ ಮೂಡಿಗೆರೆ, ಬೇಲೂರು, ಚಿಕ್ಕಮಗಳೂರು ಎಂಬ ಮೂರು ರೌಟರ್‌ಗಳು ಮೇಜಿನ ಮೇಲೆಯೇ ಸಿಗುತ್ತವೆ. ಅಲ್ಲಿ ಎರಡು ಬಗೆಯ ವೈಫಲ್ಯಗಳನ್ನು ಬೇರೆಬೇರೆಯಾಗಿ ಮಾಡಿ ನೋಡಿ: ಇಂಟರ್‌ಫೇಸ್ ಅನ್ನೇ ಕೆಳಗಿಳಿಸುವುದು ಒಂದು, ಇಂಟರ್‌ಫೇಸ್ ಮೇಲಿರುವಂತೆಯೇ ಫೈರ್‌ವಾಲ್‌ನಲ್ಲಿ 89ನೆಯ ಪ್ರೋಟೋಕಾಲನ್ನೂ ಉಳಿದ ಸಂಚಾರವನ್ನೂ ತಡೆಯುವುದು ಇನ್ನೊಂದು. ನಿಮ್ಮ ಸಿಲ್ವರ್ ಓಕ್ ಮಾಡಿದ್ದು ಎರಡನೆಯದು ಆಗಿರುವ ಸಂಭವವೇ ಹೆಚ್ಚು. ಪ್ರತಿ ಸಲವೂ ಡೀಮನ್‌ನ ಟೇಬಲ್ ಮತ್ತು ಕರ್ನಲ್‌ನ ಟೇಬಲ್ ಎರಡನ್ನೂ ತೆಗೆದು ಹೋಲಿಸುವ ಸಣ್ಣ ಸ್ಕ್ರಿಪ್ಟ್ ಬರೆದು, ರಾತ್ರಿಯಿಡೀ ಓಡಿಸಿ.

ಮಳೆಗಾಲದೊಳಗೆ ಆಗುತ್ತದೆಯೇ ಎಂಬುದಕ್ಕೆ ನನ್ನ ಉತ್ತರ ಇದು. ಡಿಲೀಟ್ ಮತ್ತು ಆಡ್‌ನ ತಿದ್ದುಪಡಿ, ದೋಷಸಂಖ್ಯೆಯ ಪರೀಕ್ಷೆ, ಲಿಂಕ್ ಸ್ಥಿತಿಯ ಓದು, ಈ ಮೂರು ಒಂದು ವಾರದ ಕೆಲಸ. ಟೇಬಲ್ ಹೋಲಿಸುವ ಭಾಗಕ್ಕೆ ಇನ್ನೊಂದೆರಡು ವಾರ ಹಿಡಿಯಬಹುದು. ಅದು ಮುಗಿಯುವವರೆಗೆ ಗ್ರಾಹಕರನ್ನು ಇದರ ಮೇಲೆ ಇಡಬೇಡಿ. ಬರ್ಡ್ ಮತ್ತು ಎಫ್‌ಆರ್‌ರೌಟಿಂಗ್ ಎರಡೂ ಫ್ರೀಬಿಎಸ್‌ಡಿಯ ಪ್ಯಾಕೇಜ್‌ಗಳಲ್ಲಿ ಸಿಗುತ್ತವೆ, ಎರಡೂ ನಿಮ್ಮ ಈಗಿನ ನೆರೆಯವರೊಂದಿಗೆ ಓಎಸ್‌ಪಿಎಫ್ ಮಾತನಾಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳಲ್ಲೊಂದನ್ನು ಓಡಿಸಿ. ಅವುಗಳ ಕೋಡ್ ಓದಿ ಕಲಿಯಿರಿ, ಆದರೆ ಎರಡೂ ಜಿಪಿಎಲ್ ಪರವಾನಗಿಯವು. ನಿಮ್ಮ ಡೀಮನ್‌ನ ಪರವಾನಗಿ ಬೇರೆಯಾಗಿದ್ದರೆ ಸಾಲುಗಳನ್ನು ನಕಲಿಸಬೇಡಿ. ನಿಮ್ಮ ತಿದ್ದುಪಡಿ ಸಿದ್ಧವಾದಾಗ ಒಂದೊಂದು ದೋಷಕ್ಕೆ ಒಂದೊಂದು ಪ್ಯಾಚ್ ಮಾಡಿ, 'ರೌಟ್ ಮಾನಿಟರ್'ನ ದಾಖಲೆಯೊಂದಿಗೆ ಮೂಲ ಯೋಜನೆಯವರಿಗೆ ಕಳುಹಿಸಿ. ಮೊದಲು ಕಳುಹಿಸಬೇಕಾದದ್ದು 'ಬದಲಿಸು' ಎಂಬ ಆ ಒಂದು ಫಂಕ್ಷನ್.